ಪದ ಬೇಕು, ಇವತ್ತೇ: ದೊಡ್ಡವರಿಗೆ ಹಾಕುವ ನ್ಯುಮೋನಿಯಾ ಲಸಿಕೆ, ಬೋರ್ಡಿಗೆ ಏನು ಬರೆಯಲಿ?

ದಾವಣಗೆರೆಯಿಂದ, ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಸಂಜೆ ಆರಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು, ಅದಕ್ಕೇ ಅವಸರ. ಇಲ್ಲಿನ ಒಂದು ಎದೆರೋಗದ ಕ್ಲಿನಿಕ್ಕಿಗೆ ಬೋರ್ಡು, ಜೊತೆಗೆ ಒಂದು ಪುಟದ ಕರಪತ್ರ. ಓದುವವರು ಮಂಡಕ್ಕಿ ಭಟ್ಟಿಯ ಕಡೆಯವರು, ಅಕ್ಕಿ ಗಿರಣಿಯವರು, ದಮ್ಮು ಇರುವವರು, ಮಳೆಗಾಲ ಬಂತೆಂದರೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದು ಅಡ್ಮಿಟ್ ಆಗುವವರು. ಇಂಗ್ಲಿಷ್ ಮೂಲವನ್ನು ನೇರವಾಗಿ ಇಳಿಸಿದರೆ ಹೀಗಾಗುತ್ತದೆ: "ಶ್ವಾಸಕೋಶದ ಮರುಕಳಿಸುವ ಸೋಂಕಿಗೆ ತುತ್ತಾಗಬಲ್ಲ ವಯಸ್ಕರಿಗೆ ನ್ಯುಮೋಕಾಕಲ್ ಸಂಯುಗ್ಮಿತ ಲಸಿಕೆ". ಇದನ್ನು ರಸ್ತೆಯಲ್ಲಿ ನಿಂತು ಯಾರು ಓದ್ತಾರೆ?

"ನ್ಯುಮೋನಿಯಾ ಲಸಿಕೆ" ಅಂದರೆ ಸಾಕಾ, "ನ್ಯುಮೋನಿಯಾ ನಿರೋಧಕ ಲಸಿಕೆ" ಅನ್ನಲೇಬೇಕಾ? "ವಯಸ್ಕರು" ಇರಲಾ, "ದೊಡ್ಡವರು" ಅನ್ನಲಾ? "ಸಂಯುಗ್ಮಿತ"ಕ್ಕೆ ಬಾಯಲ್ಲಿ ನಿಲ್ಲುವ ಪದ ಯಾರಾದರೂ ಕೊಡಿ.

ಚಿತ್ರದುರ್ಗದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ಅಮ್ಮಾ, ಮೊದಲು "ಲಸಿಕೆ"ಯನ್ನೇ ಬಿಡಿ. ಅದು ಸಂಸ್ಕೃತದ "ಲಸೀಕಾ". ಆಯುರ್ವೇದದಲ್ಲಿ ಅದರ ಅರ್ಥ ಚರ್ಮದ ಕೆಳಗಿನ ನೀರಿನಂಥ ರಸ. ಮರಾಠಿಯಲ್ಲಿ ಇವತ್ತಿಗೂ "ಲಸ್" ಅಂತಾರೆ. ಸಿಡುಬಿನ ಕಾಲದಲ್ಲಿ ಕರುವಿನ ಮೈಮೇಲಿನ ಗುಳ್ಳೆಯ ರಸ ತೆಗೆದು ತೋಳಿಗೆ ಗೀರುತ್ತಿದ್ದರು. ಅದಕ್ಕೆ ಆ ಹೆಸರು ಸರಿಯಾಗಿತ್ತು. ನ್ಯುಮೋನಿಯಾ ಸೂಜಿಯಲ್ಲಿ ಯಾವ ಕರುವಿನ ರಸ ಇದೆ?

ನಮ್ಮದೇ ಪದ ಇದೆ: ಮದ್ದು. ಹಳಗನ್ನಡದಲ್ಲಿ "ಮರ್ದು", ತಮಿಳಿನಲ್ಲಿ "ಮರುಂದು". ಬೇರು ನಮ್ಮದು. ಕಾಯಿಲೆಗೂ ಅದೇ, ಕೋವಿಗೂ ಅದೇ. ನಮ್ಮ ಕೋಟೆಗೆ ಬಂದರೆ ಮದ್ದು ಬೀಸುವ ಕಲ್ಲು ತೋರಿಸುತ್ತೇನೆ, ಅಷ್ಟು ದೊಡ್ಡ ಗಾಲಿಗಳು, ಪ್ರವಾಸಿಗರು ಹಿಟ್ಟಿನ ಬೀಸುಕಲ್ಲು ಅಂದುಕೊಂಡು ಹೋಗಿಬಿಡುತ್ತಾರೆ. "ಪುಪ್ಪುಸದ ಚುಚ್ಚುಮದ್ದು" ಅನ್ನಿ. ಚರ್ಚೆ ಮುಗಿಯಿತು.

ಹರಿಹರದಿಂದ, ಡಿಟಿಪಿ ಮಾಡುವವನು:

ಮೇಷ್ಟ್ರೇ, ಪುಪ್ಪುಸವೂ ಸಂಸ್ಕೃತವೇ ಅಲ್ವಾ? ಲಸಿಕೆ ಅನ್ನಿ ಅಕ್ಕಾ, ಸಾಕು. ಕೋವಿಡ್ ಆದಮೇಲೆ ಆ ಪದ ಗೊತ್ತಿಲ್ಲದ ಮನೆ ನಮ್ಮ ತಾಲ್ಲೂಕಿನಲ್ಲಿ ಇಲ್ಲ.

ಬೆಂಗಳೂರಿನಿಂದ, ಅಚ್ಚಗನ್ನಡದ ಪರವಾಗಿ ಬರೆಯುವವರು:

ಎಲ್ಲರಿಗೂ ಗೊತ್ತು ಅನ್ನೋದು ವಾದವಲ್ಲ. ಗೊತ್ತಿರುವ ಎರವಲು ಪದವನ್ನೇ ಇಟ್ಟುಕೊಂಡು ಹೋದರೆ ಕನ್ನಡದಲ್ಲಿ ಹೊಸ ಪದ ಹುಟ್ಟುವುದು ಯಾವಾಗ? "ಉಸಿರುಚೀಲದ ಉರಿಯೂತ" ಅಂದರೆ ಕಾಯಿಲೆ ಏನು ಅನ್ನೋದು ಪದದಲ್ಲೇ ಇದೆ. ಉರಿ, ಊತ, ಎರಡೂ ನಮ್ಮವು. "ನ್ಯುಮೋನಿಯಾ" ಅಂದರೆ ಏನು ತಿಳಿಯುತ್ತದೆ? ಗ್ರೀಕರಲ್ಲಿ ಅದು ಬರೀ ಎದೆಗೂಡಿನ ಆ ಅಂಗದ ಹೆಸರಿನಿಂದ ಬಂದದ್ದು. "ಸಂಯುಗ್ಮಿತ"ಕ್ಕೆ "ಬೆಸೆದ" ಅನ್ನಿ. ಬೆಸುಗೆ ಅಂದರೆ ವೆಲ್ಡಿಂಗ್ ಮಾಡುವವರಿಗೂ ಗೊತ್ತು.

ದಾವಣಗೆರೆಯಿಂದ, ಎದೆರೋಗದ ವಾರ್ಡಿನಲ್ಲಿ ನರ್ಸ್:

ಪದದ ಬೇರು ನನಗೆ ಗೊತ್ತಿಲ್ಲ, ಪದ ಕೇಳಿ ಜನ ಏನು ಮಾಡುತ್ತಾರೆ ಅನ್ನೋದು ಗೊತ್ತು. ಅದನ್ನು ಹೇಳ್ತೀನಿ, ಸ್ವಲ್ಪ ಉದ್ದವಾಗುತ್ತೆ.

"ಮದ್ದು" ಬೇಡವೇ ಬೇಡ. ಮದ್ದು ಅಂದರೆ ಕಾಯಿಲೆ ಬಂದಾಗ ತಗೊಳ್ಳೋದು. "ಚುಚ್ಚುಮದ್ದು" ಅಂತ ಬರೆದರೆ ಕೆಮ್ಮು ಜೋರಾದ ದಿನ, ಮೈ ಸುಡುತ್ತಿರುವಾಗ ಬಂದು "ಆ ಸೂಜಿ ಮಾಡಿ, ಇಳಿಯುತ್ತೆ" ಅಂತಾರೆ. ಇದು ಬಂದ ನ್ಯುಮೋನಿಯಾವನ್ನು ವಾಸಿ ಮಾಡಲ್ಲ. ಜ್ವರ ಜೋರಾಗಿರುವಾಗ ಇದನ್ನು ಹಾಕೋದೂ ಇಲ್ಲ, ಹುಷಾರಾದ ಮೇಲೆ ಹಾಕೋದು. ಚೆನ್ನಾಗಿರುವಾಗ ಬಂದು ಹಾಕಿಸಿಕೊಳ್ಳಬೇಕಾದದ್ದು ಅಂತ ಜನರಿಗೆ ಅನ್ನಿಸುವ ಪದ ಕನ್ನಡದಲ್ಲಿ ಇವತ್ತು ಇರೋದು ಲಸಿಕೆ ಒಂದೇ.

"ನಿರೋಧಕ"ವೂ ಬೇಡ, ಆದರೆ ಕಾರಣ ಬೇರೆ. ನ್ಯುಮೋನಿಯಾ ಒಂದೇ ರೋಗಾಣುವಿನಿಂದ ಬರಲ್ಲ. ಬ್ಯಾಕ್ಟೀರಿಯಾ ಹಲವು, ವೈರಸ್ ಹಲವು. ಈ ಲಸಿಕೆ ತಡೆಯೋದು ನ್ಯುಮೋಕಾಕಸ್ ಅನ್ನೋ ಒಂದನ್ನು, ಅದೂ ಅದರ ಎಲ್ಲ ಬಗೆಗಳನ್ನಲ್ಲ. ಆ ರೋಗಾಣುವಿನಲ್ಲೇ 90ಕ್ಕೂ ಹೆಚ್ಚು ಬಗೆಗಳಿವೆ, ದೊಡ್ಡವರಿಗೆ ಮೊದಲಿನಿಂದ ಕೊಡುತ್ತಿರುವ ಲಸಿಕೆಯಲ್ಲಿ 23, ಬೆಸೆದ ಬಗೆಯದರಲ್ಲಿ 13, ಈಚಿನವುಗಳಲ್ಲಿ 15, 20 ಹೀಗೆ. ಹಾಗಿದ್ದರೂ ಹಾಕಿಸಿಕೊಳ್ಳಬೇಕು, ಯಾಕಂದರೆ ದೊಡ್ಡವರನ್ನು ಐಸಿಯುಗೆ ತರುವ ನ್ಯುಮೋನಿಯಾದಲ್ಲಿ, ರಕ್ತಕ್ಕೆ, ಮಿದುಳಿನ ಪೊರೆಗೆ ಹರಡುವ ಸೋಂಕಿನಲ್ಲಿ ಈ ನ್ಯುಮೋಕಾಕಸ್‌ನ ಪಾಲು ದೊಡ್ಡದು. ಆದರೆ "ನ್ಯುಮೋನಿಯಾ ನಿರೋಧಕ" ಅಂತ ದೊಡ್ಡಕ್ಷರದಲ್ಲಿ ಬರೆದು, ಆಮೇಲೆ ವೈರಸ್‌ನಿಂದ ನ್ಯುಮೋನಿಯಾ ಬಂತು ಅಂದರೆ ಆ ಮನೆಯವರು ಮತ್ತೆ ಯಾವ ಲಸಿಕೆಯನ್ನೂ ನಂಬಲ್ಲ. ಫ್ಲೂ ಲಸಿಕೆ ಬೇರೆ, ಅದು ವರ್ಷಾ ವರ್ಷಾ. ಎರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ.

"ಬೆಸೆದ" ಚೆನ್ನಾಗಿದೆ, ನಿಜವಾಗಿ ನಡೆಯೋದೂ ಅದೇ. ಈ ರೋಗಾಣುವಿನ ಹೊರ ಹೊದಿಕೆ ಒಂದು ಥರದ ಸಕ್ಕರೆಯದು. ಬರೀ ಆ ಸಕ್ಕರೆಯನ್ನೇ ಕೊಟ್ಟರೆ ಚಿಕ್ಕ ಮಕ್ಕಳ ಮೈ ಅದನ್ನು ಸರಿಯಾಗಿ ಗುರುತಿಸಲ್ಲ, ದೊಡ್ಡವರಲ್ಲೂ ನೆನಪು ಗಟ್ಟಿಯಾಗಿ ನಿಲ್ಲಲ್ಲ. ಅದನ್ನು ಒಂದು ಪ್ರೋಟೀನಿಗೆ ಬೆಸೆದು ಕೊಟ್ಟರೆ ಮೈ ಕಲಿತು ನೆನಪಿಟ್ಟುಕೊಳ್ಳುತ್ತೆ. 23 ಬಗೆಯದು ಬರೀ ಸಕ್ಕರೆಯದು, 13ರದ್ದು ಬೆಸೆದದ್ದು. 13ರದ್ದು ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು 23ರದ್ದು, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇದ್ದವರಿಗೆ ಇನ್ನೂ ಬೇಗ, 20 ಬಗೆಯದು ಹಾಕಿಸಿಕೊಂಡರೆ ಎರಡನೆಯದು ಬೇಕಾಗಲ್ಲ. ಇದೆಲ್ಲ ಕರಪತ್ರಕ್ಕೆ ಇಟ್ಟುಕೊಳ್ಳಿ. ಬೋರ್ಡಿನಲ್ಲಿ "ಬೆಸೆದ" ಅಂತ ಬರೆದರೆ ಯಾರಿಗೆ ಏನು ಉಪಯೋಗ?

ಇನ್ನು "ವಯಸ್ಕರು". ನಮ್ಮ ಕಡೆ ಅದನ್ನು ಓದಿ "ವಯಸ್ಸಾದವರಿಗೆ" ಅಂದುಕೊಳ್ಳೋರೇ ಜಾಸ್ತಿ. ಅಸ್ತಮಾ ಇರುವ ಮೂವತ್ತರ ಹುಡುಗ "ಅದು ನಮ್ಮ ಅಜ್ಜನಿಗೆ" ಅಂತ ಹೋಗ್ತಾನೆ. ಇನ್ನೊಂದು ಕಡೆ, "ಮಕ್ಕಳದ್ದಲ್ವಾ ಅದು?" ಅಂತ ಕೇಳೋರು. ಮಕ್ಕಳಿಗೆ ಸರ್ಕಾರ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರು ಮಾಡಿ 2021ರಲ್ಲಿ ದೇಶಕ್ಕೆಲ್ಲ ಪುಕ್ಕಟೆ ಕೊಡೋಕೆ ಶುರು ಮಾಡಿತು, ಆರು ವಾರ, 14 ವಾರ, ಒಂಬತ್ತು ತಿಂಗಳಿಗೆ. ಆ ಕಾರ್ಯಕ್ರಮದಲ್ಲಿ ದೊಡ್ಡವರು ಇಲ್ಲ, ಅವರು ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಹಾಗಾಗಿ ದೊಡ್ಡವರಿಗೂ ಇದೆ ಅಂತ ಬಿಡಿಸಿ ಹೇಳದಿದ್ದರೆ ಯಾರೂ ಕೇಳೋದೇ ಇಲ್ಲ. ದಮ್ಮು, ಬೀಡಿ ಸಿಗರೇಟಿನಿಂದ ಹಾಳಾದ ಎದೆ, ಸಕ್ಕರೆ ಕಾಯಿಲೆ, ಹೃದಯ ಕಿಡ್ನಿ ತೊಂದರೆ, ಗುಲ್ಮ (ಸ್ಪ್ಲೀನ್) ತೆಗೆಸಿದವರು, ಇವರೆಲ್ಲ ವಯಸ್ಸು ಎಷ್ಟೇ ಇರಲಿ ಕೇಳಲೇಬೇಕು.

ಚಿತ್ರದುರ್ಗದಿಂದ, ಮೇಷ್ಟ್ರು:

ನರ್ಸಮ್ಮ ಹೇಳಿದ್ದು ಬೇರೆ ವಿಷಯ. ನಾನು ಕೇಳಿದ್ದು ಭಾಷೆಯ ಪ್ರಶ್ನೆ. ಜನ ತಪ್ಪು ತಿಳಿಯುತ್ತಾರೆಂದು ಪದ ಬಿಡುವುದಾದರೆ ನಿಘಂಟು ಯಾಕೆ? ತಿಳಿಸಿ ಹೇಳಿ, ಕಲಿಯುತ್ತಾರೆ. ಇನ್ನು "ದಮ್ಮು" ಅಂತ ಬರೆಯುತ್ತಿದ್ದೀರಿ. ಅದು ಪಾರ್ಸಿ, ಉಸಿರು ಅಂತ ಅರ್ಥ. ಕನ್ನಡದಲ್ಲಿ "ಉಬ್ಬಸ" ಇದೆ, "ಗೂರಲು" ಇದೆ.

ಹರಿಹರದಿಂದ:

ದವಾಖಾನೆಯೂ ಪಾರ್ಸಿ ಮೇಷ್ಟ್ರೇ. ಜ್ವರ ಬಂದರೆ ನೀವೂ ಅಲ್ಲಿಗೇ ಹೋಗೋದು.

ಬೆಂಗಳೂರಿನಿಂದ:

ಪಾರ್ಸಿ ಬಂದು ಬಾಯಲ್ಲಿ ಕರಗಿದೆ, ಸರಿ. ಅದನ್ನು ತಂದವರು ಜನ. "ಸಂಯುಗ್ಮಿತ" ತಂದವರು ಕಚೇರಿಯವರು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನನ್ನ ತಕರಾರು ಎರಡನೆಯದರ ಮೇಲೆ. ಅಷ್ಟಾಗಿ, ಮೇಷ್ಟ್ರ "ಮದ್ದು" ಬೇಡ ಅನ್ನೋದಕ್ಕೆ ನರ್ಸ್ ಕೊಟ್ಟ ಕಾರಣ ನನಗೆ ಒಪ್ಪಿಗೆ. ಹಳ್ಳಿಯಲ್ಲಿ "ಮದ್ದು ಹಾಕಿದ್ದಾರೆ" ಅಂದರೆ ವಿಷ ಹಾಕಿದ್ದಾರೆ ಅಂತಲೂ ಅರ್ಥ. ಅದನ್ನು ಲಸಿಕೆಯ ಬೋರ್ಡಿಗೆ ತರಬಾರದು.

ಚಿತ್ರದುರ್ಗದಿಂದ, ಮೇಷ್ಟ್ರು:

ಅದು ಮದ್ದಿನ ದೋಷವಲ್ಲ, ಹಾಕಿದವರ ದೋಷ.

ದಾವಣಗೆರೆಯಿಂದ, ಅನುವಾದಕಿ:

ಎಲ್ಲರಿಗೂ ಥ್ಯಾಂಕ್ಸ್. ಕ್ಲಿನಿಕ್ಕಿನ ಡಾಕ್ಟರಿಗೆ ತೋರಿಸಿ ಇಷ್ಟು ಕಳಿಸಿದ್ದೇನೆ:

"ಪದೇ ಪದೇ ಎದೆಯಲ್ಲಿ ಕಫ ಕಟ್ಟಿ ಜ್ವರ ಬರುತ್ತದೆಯೇ? ದಮ್ಮು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯೇ? ನ್ಯುಮೋನಿಯಾ ಲಸಿಕೆ ಮಕ್ಕಳಿಗೆ ಮಾತ್ರ ಅಲ್ಲ, 18 ದಾಟಿದ ನಿಮಗೂ ಇದೆ. ಹುಷಾರಾಗಿರುವಾಗಲೇ ಬಂದು ಡಾಕ್ಟರನ್ನು ಕೇಳಿ."

"ನಿರೋಧಕ" ತೆಗೆದೆ. ಪೋಲಿಯೋ ಲಸಿಕೆ, ದಡಾರ ಲಸಿಕೆ ಅಂದಾಗ ಯಾರೂ ಪೋಲಿಯೋ ಬರಿಸುವ ಲಸಿಕೆ ಅಂದುಕೊಳ್ಳಲ್ಲ, ಇದೂ ಅದೇ ದಾರಿಯಲ್ಲಿ ನಡೆಯುತ್ತೆ. "ವಯಸ್ಕರು" ಜಾಗದಲ್ಲಿ ವಯಸ್ಸನ್ನೇ ಹಾಕಿದೆ, ಅಂಕಿಗೆ ಎರಡು ಅರ್ಥ ಇಲ್ಲ. ಕರಪತ್ರದ ಒಳಗೆ "ಬೆಸೆದ ಲಸಿಕೆ" ಇದೆ, ಪಕ್ಕದಲ್ಲಿ ಸಕ್ಕರೆ ಹೊದಿಕೆಯ ಮಾತು ಎರಡು ಸಾಲಿನಲ್ಲಿದೆ. ಸೂಜಿ ಚೀಟಿಯ ಮೇಲೆ, ಬಿಲ್ಲಿನ ಮೇಲೆ ಇರುವ ನ್ಯುಮೋಕಾಕಲ್ ಅನ್ನೋ ಹೆಸರನ್ನೂ ಕೊನೆಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಮೆಡಿಕಲ್ ಸ್ಟೋರಿನಲ್ಲಿ ಕೇಳೋಕೆ ಅದು ಬೇಕೇ ಬೇಕು. ಈ ಬೋರ್ಡು ಓದಿ ಒಬ್ಬರು ಕೌಂಟರಿಗೆ ಬಂದು ಬಾಯಿ ಬಿಟ್ಟು ಕೇಳಬೇಕು, ನನಗೆ ಬೇಕಾದದ್ದು ಅದು.

ಚಿತ್ರದುರ್ಗದಿಂದ, ಮೇಷ್ಟ್ರು:

ಓದಿದೆ. "ಡಾಕ್ಟರನ್ನು" ತೆಗೆದು "ವೈದ್ಯರನ್ನು" ಅನ್ನಿ. ಇನ್ನೂ ಸಮಯ ಇದೆ.

ದಾವಣಗೆರೆಯಿಂದ, ಅನುವಾದಕಿ:

ಮುದ್ರಣಕ್ಕೆ ಹೋಯಿತು ಸರ್. ಕರಪತ್ರದಲ್ಲಿ "ವೈದ್ಯರು" ಅಂತಲೇ ಇದೆ.