ಕೆರೆ ನೀರು ಬಿಡೋರಿಗೆ ತರಬೇತಿ ಕೊಡಬೇಕು, ಅನುಭವ ಇದ್ದೋರು ಹೇಳಿ

ನಮಸ್ಕಾರ ಎಲ್ಲರಿಗೂ. ನಾನು ಶಿರಸಿಯವಳು, ಕೃಷಿ ಇಂಜಿನಿಯರಿಂಗ್ ಓದಿದ್ದು. ಬನವಾಸಿ ಕಡೆ ಒಂದು ಕೆರೆ ಅಚ್ಚುಕಟ್ಟಿಗೆ ನೀರು ಬಿಡೋ ಕೆಲಸಕ್ಕೆ ಹೊಸದಾಗಿ ಸೇರಿದ ಹತ್ತು ಹುಡುಗ್ರಿಗೆ ಐದು ದಿನ ತರಬೇತಿ ಕೊಡಿ ಅಂತ ಹೇಳಿದಾರೆ. ಇಬ್ಬರು ಡಿಪ್ಲೊಮಾ, ಉಳಿದೋರು ಪಿಯುಸಿ. ನಾನು ಪಿಪಿಟಿ ಎಲ್ಲ ಮಾಡ್ಕಂಡು ಕೂತಿದ್ದೆ, ನಿನ್ನೆ ಏರಿ ಮೇಲೆ ನಿಂತು ನೋಡಿದ್ರೆ ಇದರಲ್ಲಿ ಅರ್ಧ ಅವರಿಗೆ ಬೇಡವೇ ಬೇಡ ಅನ್ಸ್ತು. ಎಲ್ಲಿಂದ ಶುರು ಮಾಡ್ಲಿ?

ಶಿರಸಿಯಿಂದ, ನಿವೃತ್ತ ಇಂಜಿನಿಯರ್:
ತಂಗೀ, ತುದಿಯಿಂದ ಶುರು ಮಾಡು. ಮೊದಲ ದಿನ ಕ್ಲಾಸ್ ಇಡಲೇಬೇಡ, ಹತ್ತೂ ಜನರನ್ನ ಕರ್ಕಂಡು ಕೊನೇ ಗದ್ದೆಗೆ ಹೋಗಿ ಅಲ್ಲಿಂದ ಕಾಲುವೆ ಗುಂಟ ತೂಬಿನ ತನಕ, ಅಂದ್ರೆ ಕೆರೆ ನೀರು ಹೊರಗೆ ಬಿಡೋ ಬಾಯಿ ತನಕ, ನಡ್ಕಂಡು ಬಾ. ಎಲ್ಲಿ ಹೂಳು ಕೂತಿದೆ, ಎಲ್ಲಿ ಏಡಿ ತೂತು ಮಾಡಿದೆ, ಎಲ್ಲಿ ಯಾರೋ ಪೈಪ್ ಹಾಕಿದಾರೆ ಎಲ್ಲ ಅವರೇ ಬರ್ಕಳ್ಳಲಿ. ನಾನು ಮಲಪ್ರಭಾ ಕಾಲುವೆ ಮೇಲೆ ಕೆಲಸ ಮಾಡಿದವ. ಸೇರಿದ ಹೊಸದ್ರಲ್ಲಿ ಒಂದು ರಾತ್ರಿ ಕೆಳಗಿನವರು ನೀರಿಲ್ಲ ಅಂತ ಕೂಗಿದ್ರು ಅಂತ ಗೇಟ್ ಎತ್ತಿಸಿದೆ, ಒಂದು ತಾಸು ಕಾದೆ, ನೀರು ಬಂದಿಲ್ಲ ಅಂದ್ರು, ಮತ್ತೆ ಎತ್ತಿಸಿದೆ. ಮಣ್ಣಿನ ಕಾಲುವೇಲಿ ನೀರು ತಾಸಿಗೆ ಎರಡು ಕಿಲೋಮೀಟರ್ ಹೋದ್ರೆ ಹೆಚ್ಚು ಅನ್ನೋದು ನನಗೆ ಓದಿ ಗೊತ್ತಿತ್ತು, ಅನುಭವಕ್ಕೆ ಬಂದಿರ್ಲಿಲ್ಲ. ಎರಡೂ ಸಲ ಬಿಟ್ಟ ನೀರು ಬೆಳಗಿನ ಜಾವ ಒಟ್ಟಿಗೆ ಬಂದು ಉಪಕಾಲುವೆ ಒಡೀತು, ಒಬ್ಬರ ಮೆಣಸಿನ ಗಿಡ ಹೋಯ್ತು. ಆ ಮನೆಯವರ ಮುಖ ಈಗಲೂ ನೆನಪಿದೆ. ಹಾಗಾಗಿ ಗೇಟ್ ಮುಟ್ಟಿದ ಟೈಮು, ಎಷ್ಟು ಸುತ್ತು, ತುದಿಗೆ ನೀರು ಮುಟ್ಟಿದ ಟೈಮು, ಈ ಮೂರು ಬರೆಯೋ ಪುಸ್ತಕ ಮೊದಲ ದಿನವೇ ಕೈಗೆ ಕೊಡು.

ಇನ್ನೊಂದು, ನರಗುಂದ ನವಲಗುಂದದ ವಿಷಯ ಅವರಿಗೆ ಹೇಳಲೇಬೇಕು. 1980ರ ಜುಲೈನಲ್ಲಿ ಅಲ್ಲಿ ರೈತರು ಎದ್ದಿದ್ದು ಇದೇ ಮಲಪ್ರಭಾ ಅಚ್ಚುಕಟ್ಟಿನಲ್ಲಿ, ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಂತು ಅಂತ, ಗೋಲಿಬಾರ್ ಆಗಿ ಜೀವ ಹೋದ್ವು. ನೀರು ಬಿಡೋ ಹುಡುಗನಿಗೆ ತನ್ನ ಕೈಯಲ್ಲಿ ಏನಿದೆ ಅಂತ ಗೊತ್ತಿರಬೇಕು.

ಯಲ್ಲಾಪುರದಿಂದ:
ಸರ್ ಹೇಳಿದ್ದು ಸರಿ, ಜೊತೆಗೆ ಅಳತೆ ಕಲಿಸಿ ಮೇಡಂ, ಅಳತೆ ಇಲ್ದೆ ಜಗಳ ಮುಗಿಯೋಲ್ಲ. ನಾವು ತೋಟಗಳಿಗೆ ಅಬ್ಬಿ ನೀರು ಹಂಚುವಾಗ ತಗಡಿನಲ್ಲಿ 90 ಡಿಗ್ರಿ ವೀ ನಾಚ್, ಅಂದ್ರೆ ಇಂಗ್ಲಿಷಿನ V ಆಕಾರದ ಗಂಡಿ, ಕತ್ತರಿಸಿ ಕೂರ್ಸಿದ್ವಿ. ಅದರ ಕೆಳಗಿನ ಮೂಲೆಯಿಂದ ನೀರಿನ ಎತ್ತರ 10 ಸೆಂ.ಮೀ. ಇದ್ರೆ ಸೆಕೆಂಡಿಗೆ ನಾಲ್ಕೂವರೆ ಲೀಟರ್ ಹತ್ರ, 20 ಸೆಂ.ಮೀ. ಆದ್ರೆ 25 ಲೀಟರ್ ಹತ್ರ. ಎತ್ತರ ಎರಡು ಪಟ್ಟು, ನೀರು ಐದೂವರೆ ಪಟ್ಟು! ಅದೇ ಗೇಟಿನ ಅಡಿಯಿಂದ ನುಗ್ಗೋ ನೀರಾದ್ರೆ ಮೇಲಿನ ಮಟ್ಟ ಎರಡು ಪಟ್ಟಾದ್ರೂ ಹರಿವು 1.4 ಪಟ್ಟು ಅಷ್ಟೇ. ಇದೊಂದು ತಲೆಗೆ ಹೋದ್ರೆ ಮುಖ್ಯ ಕಾಲುವೇಲಿ ಮಟ್ಟ ಹಿಡಿಯೋಕೆ ನೀರು ಮೇಲಿಂದ ಹಾಯೋ ಕಟ್ಟೆ ಯಾಕೆ, ಪಾಲು ಕೊಡೋ ಜಾಗದಲ್ಲಿ ಅಡಿಯಿಂದ ಹರಿಯೋ ಗೇಟ್ ಯಾಕೆ ಅಂತ ತಾನಾಗೇ ತಿಳೀತದೆ. ಬಾಯಲ್ಲಿ ಹೇಳ್ಬೇಡಿ, ಅವರ ಕೈಯಲ್ಲೇ ಬಕೆಟ್ ಹಿಡಿಸಿ, ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸಿ. ದೊಡ್ಡ ಕಾಲುವೆ ಆದ್ರೆ ನಿಂಬೆಹಣ್ಣು ಬಿಡಿ, 20 ಮೀಟರ್‌ಗೆ 40 ಸೆಕೆಂಡ್ ಬಂದ್ರೆ ಮೇಲಿನ ವೇಗ ಸೆಕೆಂಡಿಗೆ ಅರ್ಧ ಮೀಟರ್, ಅದಕ್ಕೆ 0.85 ಗುಣಿಸಿದ್ರೆ ಸರಾಸರಿ ವೇಗ. ಒಂದು ಕ್ಯೂಸೆಕ್, ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಒಂದು ತಾಸು ಹರಿದ್ರೆ ಒಂದು ಎಕರೆಗೆ ಒಂದು ಇಂಚು ನೀರು, ಈ ಲೆಕ್ಕ ರೈತರಿಗೂ ಹೇಳಬಹುದು.

ಕುಮಟೆಯಿಂದ:
ನಮ್ಮದು ಅಘನಾಶಿನಿ ಗಜನಿ, ಅಂದ್ರೆ ಉಪ್ಪು ನೀರು ನುಗ್ಗೋ ತಗ್ಗು ಗದ್ದೆ, ಉಪ್ಪು ತಡೆಯೋ ಕಗ್ಗ ಭತ್ತದ ಊರು. ನಮ್ಮಲ್ಲಿ ನೀರು ಬಿಡೋದಕ್ಕಿಂತ ತಡೆಯೋದೇ ಕೆಲಸ, ಸಮುದ್ರದ ಭರತ ಬಂದಾಗ ಜಂತ್ರಡಿ (ಕಟ್ಟೆಯ ಹಲಗೆ ಬಾಗಿಲು) ಮುಚ್ಚಬೇಕು ಇಳಿತದಲ್ಲಿ ತೆಗೆದು ಒಳಗಿನ ಮಳೆ ನೀರು ಬಿಡಬೇಕು, ಭರತದ ಹೊತ್ತು ದಿನಾ ಮುಕ್ಕಾಲು ತಾಸಿನಷ್ಟು ಮುಂದೆ ಹೋಗ್ತದೆ, ಅಮಾಸೆ ಹುಣ್ಣಿಮೆಗೆ ನೀರು ಜೋರು. ನನ್ನ ಅಜ್ಜ ಹಲಗೆ ಸಂದಿಗೆ ಮಣ್ಣು ಮೆತ್ತೋದನ್ನ ನನಗೆ ಕೈ ಹಿಡಿದು ಕಲಿಸಿದ್ದು, ಬೆರಳಲ್ಲಿ ಒತ್ತಿ ತಣ್ಣಗೆ ನೀರು ಜಿನುಗ್ತದಾ ನೋಡು ಅಂತಿದ್ರು. ನಿಮ್ಮೂರಲ್ಲೂ ಹಳೇ ನೀರಗಂಟಿ, ಅಂದ್ರೆ ಕೆರೆ ನೀರು ಬಿಡ್ತಿದ್ದೋರು, ಯಾರಾದ್ರೂ ಇದ್ರೆ ಒಂದು ದಿನ ಅವರಿಗೇ ಬಿಟ್ಕೊಡಿ ಮೇಡಂ, ಸಂಭಾವನೆ ಕೊಟ್ಟು ಕರೀರಿ.

ಮುಂಡಗೋಡದಿಂದ:
ನಮ್ಮ ತಾಲೂಕಿನ ಧರ್ಮಾ ಡ್ಯಾಂ ನೀರು ಹಾನಗಲ್ಲಿಗೆ ಹೋಗ್ತದೆ, ನನ್ನ ಅಕ್ಕನ ಮನೆ ಆ ಕಡೆ. ರೈತನಾಗಿ ಒಂದೇ ಮಾತು, ಪಾಳಿ ಚೀಟಿ ಬರೆಯೋದು ಕಲಿಸಿ. ಯಾರಿಗೆ ಯಾವತ್ತು ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ಅಂತ ಗೋಡೆ ಮೇಲೆ ಬರೆದು ಹಾಕಿದ್ರೆ ತುದಿಯವನು ರಾತ್ರಿ ನಿದ್ದೆ ಮಾಡ್ತಾನೆ. ನೀರು ಬಳಕೆದಾರರ ಸಹಕಾರ ಸಂಘಕ್ಕೆ 1965ರ ನೀರಾವರಿ ಕಾಯ್ದೆಯಲ್ಲಿ 2000ದಲ್ಲಿ ಜಾಗ ಮಾಡಿದಾರೆ, ಸಂಘದವರನ್ನೂ ಕೊನೇ ದಿನ ಕೂರ್ಸಿ. ಹುಡುಗ್ರಲ್ಲಿ ಆಸಕ್ತಿ ಇದ್ದೋರನ್ನ ಆಮೇಲೆ ಧಾರವಾಡದ ವಾಲ್ಮಿಗೆ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಕಳ್ಸಿ, ಅಲ್ಲಿ ಇಂಜಿನಿಯರ್‌ಗಳಿಗೂ ರೈತರಿಗೂ ತರಬೇತಿ ನಡೀತದೆ.

ಕೇಳಿದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಪಿಟಿ 64 ಸ್ಲೈಡ್ ಇತ್ತು, ಒಂಬತ್ತು ಉಳಿಸ್ಕಂಡೆ. ಊರಲ್ಲಿ ವಿಚಾರಿಸಿದೆ, ಮೊದಲು ತೂಬು ನೋಡ್ಕತಿದ್ದ ಅಜ್ಜ ಇನ್ನೂ ಇದಾರೆ, ನಡೆಯೋಕೆ ಕಷ್ಟ, ಆದ್ರೆ ಏರಿ ತನಕ ಜೀಪ್ ಹೋಗ್ತದೆ, ಬರ್ತೇನೆ ಅಂದ್ರು. ತಗಡು ಕತ್ತರಿಸೋಕೆ ಶಿರಸಿ ಪೇಟೇಲಿ ಹೇಳಿ ಬಂದೆ. ಯಲ್ಲಾಪುರದವರೇ, ವೀ ನಾಚ್ ಕೂರ್ಸುವಾಗ ಕೆಳಗಡೆ ನೀರು ಮೂಲೆಗಿಂತ ಎಷ್ಟು ತಗ್ಗಿರಬೇಕು ಹೇಳ್ತೀರಾ?

ಯಲ್ಲಾಪುರದಿಂದ:
ಮೂಲೆಯಿಂದ ಬೀಳೋ ನೀರಿನ ಅಡಿಗೆ ಗಾಳಿ ಕಾಣಬೇಕು, ಅಷ್ಟು ತಗ್ಗಿದ್ರೆ ಸಾಕು. ಕೆಳಗಿನ ನೀರು ಮೂಲೆಗೆ ತಾಗಿದ್ರೆ ಲೆಕ್ಕ ಕೆಡ್ತದೆ. ಎತ್ತರ ಅಳೆಯೋ ಪಟ್ಟಿ ತಗಡಿಗೇ ಅಂಟಿಸ್ಬೇಡಿ, ಅಲ್ಲಿ ನೀರು ಇಳಿಜಾರಾಗಿರ್ತದೆ, ಒಂದು ಮೀಟರ್ ಹಿಂದೆ ಗೂಟ ಹುಗಿದು ಅದಕ್ಕೆ ಕಟ್ಟಿ. ಪಟ್ಟಿಯ ಸೊನ್ನೆ ಮೂಲೆಯ ಮಟ್ಟಕ್ಕೇ ಇರ್ಲಿ.