ನಾಲ್ಕು ವರ್ಷದ ಮಗ, ಏಳರ ಮಗಳು: ವಿಜ್ಞಾನ ಮ್ಯೂಸಿಯಂ ತೋರಿಸೋದು ಹೇಗೆ?

ಪ್ರಶ್ನೆ: ಇಬ್ಬರಿಗೂ ಇದೇ ಮೊದಲ ಸಲ. ಇಡೀ ದಿನ ಇಟ್ಟುಕೊಳ್ಳಬೇಕಾ? ತಾರಾಲಯದ ಶೋ ಮೊದಲೋ, ಕೊನೆಗೋ? ಗೊತ್ತಿದ್ದವರು ಹೇಳಿ.

ಅವಳಿಗಳ ಅಮ್ಮ: ಇಡೀ ದಿನ ಬೇಡವೇ ಬೇಡ. ಎರಡು ಗಂಟೆ, ಮೂರು ಮಾದರಿ, ಸಾಕು. ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ. ಶಾಲಾ ಬಸ್ಸುಗಳು ಬಂದ ಮೇಲೆ ಪ್ರತಿ ಗುಂಡಿಗೂ ಸರದಿ, ಚಿಕ್ಕವರ ಕೈಗೆ ಏನೂ ಸಿಗಲ್ಲ. ನೀರಿನ ಆಟ ಕೊನೆಗಿರಲಿ. ಮೊದಲೇ ಹೋದರೆ ಒದ್ದೆ ತೋಳಲ್ಲಿ ಎಸಿಗೆ ನಡುಗುತ್ತಾರೆ, ಅಲ್ಲಿಂದ ಎಬ್ಬಿಸುವುದೂ ಆಗಲ್ಲ. ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಸದ್ದಿಗೆ ಹೆದರಿದ ಮಗು ಮತ್ತೆ ಒಳಗೆ ಕಾಲಿಡಲ್ಲ. ಒಂದು ಟವೆಲ್ ಇಟ್ಟುಕೊಳ್ಳಿ.

ಭೌತಶಾಸ್ತ್ರದ ಮೇಷ್ಟ್ರು: ಮೂರೇ ಅಂತ ಮೊದಲೇ ಕಟ್ಟು ಹಾಕಬೇಡಿ. ಲೋಹದ ಗೋಳದಲ್ಲಿ ಸ್ಥಿರ ವಿದ್ಯುತ್ತು ತುಂಬಿ ಕೂದಲು ನಿಲ್ಲಿಸುವ ವ್ಯಾನ್ ಡಿ ಗ್ರಾಫ್ ಯಂತ್ರವನ್ನಂತೂ ಬಿಡಲೇಬಾರದು. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಎಳೆಗಳು ಅಂಟಿಕೊಂಡರೆ ಏಳೋದಿಲ್ಲ. ಮಗು ಮೊದಲು ವಿದ್ಯುತ್ತು ಹರಿಯದ ಅವಾಹಕ ಮಣೆಯ ಮೇಲೆ ನಿಂತು ಗೋಳದ ಮೇಲೆ ಕೈಯಿಡಬೇಕು, ಯಂತ್ರ ಶುರುವಾಗೋದು ಆಮೇಲೆ. ಓಡುತ್ತಿರುವ ಗೋಳಕ್ಕೆ ಬೆರಳು ಚಾಚಿದರೆ ಚಟ್ ಅಂತ ಕಿಡಿ ಹೊಡೆಯುತ್ತೆ. ಇಳಿಸುವ ಮುಂಚೆ ನಿಲ್ಲಿಸಿ, ಗೋಳದ ವಿದ್ಯುತ್ತನ್ನು ನೆಲಕ್ಕೆ ಹರಿಸಬೇಕು. ಗಾಳಿಯಲ್ಲಿ ತೇವ ಇದ್ದ ದಿನ ವಿದ್ಯುದಾವೇಶ ಸೋರಿಹೋಗುತ್ತೆ, ಕೂದಲು ಅಲುಗಲ್ಲ. ಪೇಸ್‌ಮೇಕರ್ ಇರುವ ಅಜ್ಜ ಅಜ್ಜಿ ದೂರ ಇರಲಿ.

ಅವಳಿಗಳ ಅಮ್ಮ: ನಾಲ್ಕರ ಮಗು ಕಿಡಿಗೆ ಒಮ್ಮೆ ಬೆಚ್ಚಿದರೆ ಆ ದಿನ ಅಲ್ಲಿಗೇ ಮುಗಿಯಿತು, ಮೇಷ್ಟ್ರೇ. ಅದು ಅಕ್ಕನಿಗೆ ಮಾತ್ರ.

ತಾರಾಲಯದ ಹುಚ್ಚು: ಕೇಳಿದ್ದು ಶೋ ಬಗ್ಗೆ! ಬೆಳಿಗ್ಗೆಯೇ ನೋಡಿ. ದಣಿದ ಮಗು ಕತ್ತಲಲ್ಲಿ ನಿದ್ದೆ ಹೋಗುತ್ತೆ, ಇಲ್ಲ ಅಳುತ್ತೆ. ಹಿಂದಿನ ಸಾಲು, ಬಾಗಿಲ ಪಕ್ಕದ ಕುರ್ಚಿ. ಚಿತ್ರ ಓಲಾಡಿದಾಗ ಕಣ್ಣು ಚಲನೆ ಅನ್ನುತ್ತೆ, ಒಳಗಿವಿ ಇಲ್ಲ ಅನ್ನುತ್ತೆ, ಅದಕ್ಕೇ ವಾಕರಿಕೆ. ಕಣ್ಣು ಮುಚ್ಚಿಸಿ, ತಗ್ಗುತ್ತೆ.

ಅವಳಿಗಳ ಅಮ್ಮ: ಫೂಕೋ ಲೋಲಕ ಅಂತ ಉದ್ದ ತಂತಿಗೆ ದೊಡ್ಡ ಗುಂಡು ತೂಗಾಡುತ್ತಿರುತ್ತೆ, ಅದರ ಮುಂದೆ ಮಾತ್ರ ನಿಲ್ಲಿಸಬೇಡಿ. ಐದು ನಿಮಿಷದಲ್ಲಿ ಏನೂ ಕಾಣಲ್ಲ.

ಭೌತಶಾಸ್ತ್ರದ ಮೇಷ್ಟ್ರು: ಇದನ್ನು ನಾನು ಒಪ್ಪಲ್ಲ. 1851ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ತೂಗಿಬಿಟ್ಟು ಭೂಮಿ ತಿರುಗೋದನ್ನು ತೋರಿಸಿದ್ದು ಇದರಿಂದಲೇ. ಎದುರು ನಿಂತು ಕಾಯಬಾರದು. ಒಳಗೆ ಬರುವಾಗ ಒಂದು ಫೋಟೊ, ಹೋಗುವಾಗ ಅದೇ ಜಾಗದಿಂದ ಇನ್ನೊಂದು. 30 ಡಿಗ್ರಿ ಅಕ್ಷಾಂಶದಲ್ಲಿ ಗುಂಡು ತೂಗುವ ದಿಕ್ಕು ಗಂಟೆಗೆ ಏಳೂವರೆ ಡಿಗ್ರಿ ತಿರುಗುತ್ತೆ. ನಿಮ್ಮ ಎರಡು ಗಂಟೆಗೆ 15. ಏಳರ ಹುಡುಗಿ ತಾನೇ ಗುರುತಿಸುತ್ತಾಳೆ.

ಅವಳಿಗಳ ಅಮ್ಮ: ಸಮಭಾಜಕದ ಹತ್ತಿರ?

ಭೌತಶಾಸ್ತ್ರದ ಮೇಷ್ಟ್ರು: ಅಲ್ಲಿ ಬಹುತೇಕ ತಿರುಗೋದೇ ಇಲ್ಲ, ನಿಜ. ಅಷ್ಟಕ್ಕೇ ಎಲ್ಲ ಕಡೆಯೂ ದಂಡ ಅನ್ನಬಾರದು.

ತಾರಾಲಯದ ಹುಚ್ಚು: ನಿಮ್ಮಿಬ್ಬರ ಜಗಳದಲ್ಲಿ ಪಿಸುಗುಡುವ ತಟ್ಟೆಗಳು ಮರೆತೇಹೋದವು. ಎದುರುಬದುರಾದ ಎರಡು ದೊಡ್ಡ ಬಟ್ಟಲುಗಳು, ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ಕೇಳುತ್ತೆ. ಬಾಯಿ, ಕಿವಿ ಎರಡೂ ಬಟ್ಟಲಿನ ನಾಭಿಯಲ್ಲೇ, ಅಂದರೆ ಅದರ ಮುಂದೆ ಸದ್ದು ಒಟ್ಟುಗೂಡುವ ಬಿಂದುವಿನಲ್ಲೇ ಇರಬೇಕು. ನಾಲ್ಕರ ಮಗುವಿಗೆ ಎಟುಕಲ್ಲ, ಕೇಳಲಿಲ್ಲ ಅಂತ ಹೊರಟುಬಿಡುತ್ತೆ. ಎತ್ತಿ ಹಿಡಿಯಿರಿ, ಅಕ್ಕ ಆ ಕಡೆಯಿಂದ ಹೆಸರು ಕರೆಯಲಿ.