ಸ್ಲೋ ಕುಕರ್‌ನ್ಯಾಗ ಸಾಸೇಜ್-ಡಂಪ್ಲಿಂಗ್ ಕ್ಯಾಸರೋಲ್: ನಂದು ಅಂಟು ಆತ್ರಿ, ಯಾಕ?

ವಾಸ್ಕೋದ ಹುಬ್ಬಳ್ಳಿಯಾಕಿ:
ಗೋವಾ, ಮುಂಬೈ, ಪುಣೆದಾಗಿನ ನಮ್ಮ ಮಂದಿಗೆಲ್ಲಾ ನಮಸ್ಕಾರ್ರಿ. ನಮ್ಮ ಮೈದುನ ಇಂಗ್ಲೆಂಡಿನಿಂದ ಬರೂ ಮುಂದ ಒಂದು ಸ್ಲೋ ಕುಕರ್ (ಸಣ್ಣ ಬಿಸಿಗೆ ತಾಸುಗಟ್ಟಲೆ ಬೇಯಿಸೂ ಕರೆಂಟಿನ ಗಡಿಗಿ) ತಂದಾನ. ಅಲ್ಲಿ ಚಳಿಗಾಲದಾಗ ವಾರಕ್ಕೊಮ್ಮೆ ಅದರಾಗ ಕ್ಯಾಸರೋಲ್ ಅಂತ ಮಂದ ರಸದ ಅಡಗಿ ಮಾಡ್ತಾನಂತ: ಸಾಸೇಜು, ಉಳ್ಳಾಗಡ್ಡಿ, ಗಜ್ಜರಿ, ಬಟಾಟಿ, ಮ್ಯಾಲೆ ಮೈದಾಹಿಟ್ಟಿನ ಉಂಡಿ, ಅದಕ್ಕ ಡಂಪ್ಲಿಂಗ್ ಅಂತಾರ. "ಮುಂಜಾನೆ ಹಾಕಿ ಕೆಲಸಕ್ಕ ಹೋಗ್ರಿ ವೈನಿ, ಸಂಜಿಗೆ ಊಟ ತಯಾರ" ಅಂದ. ಇಲ್ಲಿ ಮಳಿ ಹಿಡದಾಗಿಂದ ನನಗೂ ಬಿಸಿಬಿಸಿ ಏನರ ತಿನ್ನಬೇಕು ಅನ್ನಸಾಕ್ಹತ್ತಿತ್ತು.

ನಿನ್ನೆ ಮುಂಜಾನೆ ಎಂಟಕ್ಕ ಎಲ್ಲಾ ಒಮ್ಮೆಲೆ ಹಾಕಿ, 'ಲೋ'ದಾಗ (ಸಣ್ಣ ಬಿಸಿಗೆ) ಇಟ್ಟು ಹೋದೆ. ಉಂಡಿನೂ ಆಗಲೇ ಹಾಕಿದ್ದೆ. ಸಂಜಿ ಆರಕ್ಕ ಮುಚ್ಚಳ ತಗದ್ರ ಉಂಡಿ ಮಾಯ! ಗೋಡಿಗೆ ಪೋಸ್ಟರ್ ಹಚ್ಚೂ ಅಂಟು ಇರ್ತೈತಲ್ಲ, ಹಂಗ ಆಗಿತ್ತು ರಸ. ಸಾಸೇಜು ಭಾಳ ಹೊತ್ತು ನೀರಾಗಿಟ್ಟ ಬೆರಳಿನಂಗ ಬಿಳಿಚಿದ್ದು. ಬಟಾಟಿ ಮಾತ್ರ ಕಟಕಟ! ಹತ್ತು ತಾಸು ಕುದ್ದ ಬಟಾಟಿ ಗಟ್ಟಿ ಹೆಂಗ ಉಳೀತೈತ್ರಿ? ಹುಳಿ ಇರ್ಲಿ ಅಂತ ನಾಕು ಟೊಮೆಟೊ, ಎರಡು ಚಮಚ ವಿನೆಗರ್ ಹಾಕಿದ್ದೆ.

ಡೊಂಬಿವಲಿ ಶೆಟ್ರು:
ಕ್ಯಾಸರೋಲ್ ಅಂತ ಓದಿದ ಕೂಡಲೇ ನಾನು ಚಪಾತಿ ಬಿಸಿ ಇಡುವ ಡಬ್ಬಿ ಅಂತ ಎಣಿಸಿದೆ. ಡಬ್ಬಿಯಲ್ಲಿ ಸಾಸೇಜ್ ಎಂತಕ್ಕೆ ಬೇಯಿಸುವುದು ಅಂತ ಎರಡು ಸಲ ಓದಿದೆ ಮಾರಾಯ್ರೆ. ಅಕ್ಕಾ, ಬೇಜಾರು ಮಾಡಬೇಡಿ. ಹತ್ತು ಗಂಟೆ ಕರೆಂಟು ಸುಟ್ಟು ಅಂಟು ಮಾಡುವ ಬದಲು ಪ್ರೆಶರ್ ಕುಕ್ಕರಿಗೆ ಹಾಕಿ, ಮೂರು ಸೀಟಿ, ಮುಗೀತು.

ಕೋಥ್ರೂಡ್‌ನಲ್ಲಿರೋ ಮೈಸೂರಿನವ:
ಶೆಟ್ರೇ, ಕರೆಂಟಿನ ಲೆಕ್ಕ ತಪ್ಪಾಯ್ತು. ನನ್ನ ಸ್ಲೋ ಕುಕರ್ ತಳದಲ್ಲಿ 200 ವ್ಯಾಟ್ ಅಂತ ಬರೆದಿದೆ. ಎಂಟು ಗಂಟೆ ಓಡಿದರೂ 1.6 ಯೂನಿಟ್. ನಿಮ್ಮ ಮನೆಯ 2000 ವ್ಯಾಟಿನ ಗೀಸರ್ ಮುಕ್ಕಾಲು ಗಂಟೆ ಹಾಕಿಟ್ಟರೆ ಹತ್ತಿರ ಹತ್ತಿರ ಅಷ್ಟೇ ತಿನ್ನುತ್ತೆ.

ಅಕ್ಕಾವ್ರೇ, ಆಲೂಗಡ್ಡೆ ಬೇಯದೇ ಇದ್ದದ್ದು ಟೊಮೆಟೊ, ವಿನೆಗರ್ ದೆಸೆಯಿಂದ. ಹುಳಿ ಇದ್ದ ಕಡೆ ತರಕಾರಿ ಬೇಗ ಮೆತ್ತಗಾಗಲ್ಲ. ಹುಣಸೆಹುಳಿ ಹಾಕಿದ ಮೇಲೆ ತರಕಾರಿ ಹಾಕಿದರೆ ಸಾಂಬಾರ್ ಏನಾಗುತ್ತೆ ಅಂತ ನಿಮಗೇ ಗೊತ್ತಲ್ಲ. ಸಾಲದ್ದಕ್ಕೆ ಸ್ಲೋ ಕುಕರಲ್ಲಿ ಗೆಡ್ಡೆ ಬೇಯೋದು ಮಾಂಸಕ್ಕಿಂತ ನಿಧಾನ. ಸಣ್ಣಗೆ ಹೆಚ್ಚಿ ತಳಕ್ಕೆ ಹಾಕಿ, ಹುಳಿ ಆಮೇಲೆ.

ಇನ್ನು ಸಾಸೇಜ್. ಮಡಕೆಯೊಳಗೆ ನೀರಿರೋ ತನಕ ಶಾಖ ನೂರು ಡಿಗ್ರಿ ದಾಟಲ್ಲ, ಕೆಂಪಗಾಗೋಕೆ ಸುಮಾರು 140 ಬೇಕು. ಮೊದಲು ಬಾಣಲೆಯಲ್ಲಿ ಹುರಿಯದೆ ಬೇರೆ ದಾರಿ ಇಲ್ಲ. ಅಂದಹಾಗೆ ಯಾವ ಸಾಸೇಜ್ ಹಾಕಿದ್ರಿ?

ವಾಸ್ಕೋದ ಹುಬ್ಬಳ್ಳಿಯಾಕಿ:
ಫ್ರೀಜರ್‌ನ್ಯಾಗಿನ ಚಿಕನ್ ಸಾಸೇಜ್ ರಿ, ಸೂಪರ್ ಮಾರ್ಕೆಟಿಂದು.

ಕೋಥ್ರೂಡ್‌ನಲ್ಲಿರೋ ಮೈಸೂರಿನವ:
ಅಲ್ಲೇ ಇದೆ ನೋಡಿ ಎಡವಟ್ಟು. ಇಂಗ್ಲೆಂಡಲ್ಲಿ ಇದಕ್ಕೆ ಹಾಕೋದು ಹಸಿ ಹಂದಿಮಾಂಸದ ಸಾಸೇಜ್, ಅದಕ್ಕೆ ಆರೆಂಟು ಗಂಟೆ ಸರಿ. ನಮ್ಮಲ್ಲಿ ಸಿಗೋ ಚಿಕನ್ ಸಾಸೇಜ್ ಹೆಚ್ಚಿನವು ಮೊದಲೇ ಬೆಂದಿರುತ್ತೆ, ಪ್ಯಾಕೆಟ್ ಹಿಂದೆ ಓದಿ. ಅದನ್ನ ಹುರಿದು ಕೊನೇ ಒಂದು ಗಂಟೆಗೆ ಹಾಕಿದರೆ ಸಾಕು.

ಮಡಗಾಂವ್ ಸೊಸೆ:
ಅಯ್ಯೋ, ಗೋವಾದಲ್ಲಿ ಕೂತು ಫ್ರೀಜರ್ ಸಾಸೇಜ್ ಯಾಕೆ? ಮಾಪ್ಸಾದ ಶುಕ್ರವಾರದ ಸಂತೆಗೆ ಹೋಗಿ. ಚೌರಿಸ್ ಅಂತ ಗೋವಾದ ಹಂದಿಮಾಂಸದ ಸಾಸೇಜನ್ನ ಮಣಿಸರದ ಹಾಗೆ ದಾರದಲ್ಲಿ ಕಟ್ಟಿ ನೇತು ಹಾಕಿರ್ತಾರೆ. ನಾನು ಕಾರವಾರದವಳು, ಮದುವೆಯಾಗಿ ಬಂದ ಹೊಸದರಲ್ಲಿ ಅದರ ವಾಸನೆಗೇ ಮೂಗು ಮುಚ್ಚಿಕೊಳ್ತಿದ್ದೆ. ಈಗ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ, ಮೀನು ದುಬಾರಿ. ಅದಕ್ಕೇ ನಮ್ಮತ್ತೆ ಮೇ ತಿಂಗಳಲ್ಲೇ ಪುರುಮೆಂತ್, ಅಂದ್ರೆ ಮಳೆಗಾಲದ ದಾಸ್ತಾನು, ಅಂತ ಒಣಮೀನು, ಚೌರಿಸ್ ಎಲ್ಲ ತುಂಬಿಸಿಡ್ತಾರೆ. ಕಳ್ಳಿನ ವಿನೆಗರ್, ಕೆಂಪು ಮೆಣಸು, ಬೆಳ್ಳುಳ್ಳಿ ಎಲ್ಲ ಅದರೊಳಗೇ ಇದೆ. ಬೇರೆ ಮಸಾಲೆ ಬೇಡ, ಉಪ್ಪಂತೂ ಮುಟ್ಟಲೇಬೇಡಿ.

ಪುಣೆ ಕ್ಯಾಂಪಿನ ಕೊಡವ:
ಚೌರಿಸ್ ಹಾಕಿದ ಮೇಲೆ ಅದು ಇಂಗ್ಲಿಷರ ಕ್ಯಾಸರೋಲ್ ಹೇಗಾಗುತ್ತೆ? ಅದರ ಗುಣವೇ ಸಪ್ಪೆ, ಮೆತ್ತಗೆ, ಹೊಟ್ಟೆ ಬೆಚ್ಚಗಿಡೋದು. ನೀವು ಹೇಳ್ತಿರೋದು ಬೇರೆಯೇ ಸಾರು. ನಾಳೆ ನಾನು ಪಂದಿಕರಿಗೆ (ನಮ್ಮ ಹಂದಿಸಾರು) ಕಾಚಂಪುಳಿ ಅನ್ನೋ ನಮ್ಮ ಕಪ್ಪು ಹುಳಿ ಹಾಕದೆ ನಿಂಬೆಹಣ್ಣು ಹಿಂಡಿ 'ಇದೂ ಪಂದಿಕರಿ' ಅಂದ್ರೆ ನಮ್ಮ ಅವ್ವ ಮನೆಯೊಳಗೆ ಸೇರಿಸಲ್ಲ.

ಮಡಗಾಂವ್ ಸೊಸೆ:
ಮೆಣಸಿನಕಾಯಿ ಪೋರ್ಚುಗೀಸರು ತಂದದ್ದು, ಸಾಸೇಜ್ ಕಟ್ಟೋದು ಕಲಿಸಿದ್ದೂ ಅವರೇ, ವಿನೆಗರ್ ಮಾತ್ರ ಇಲ್ಲಿನ ತೆಂಗಿನದ್ದು. ಚೌರಿಸ್ಸೇ ಬೆರಕೆ ಅಣ್ಣಾ, ಅದಕ್ಕೆ ಇನ್ನೊಂದು ಬೆರಕೆ ಸೇರಿದರೆ ಏನು ಹೋಯ್ತು?

ಡೊಂಬಿವಲಿ ಶೆಟ್ರು:
ಉಂಡೆಯ ಮಟ್ಟಿಗೆ ನಾನೊಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಪುಂಡಿಗಸಿ ಉಂಟಲ್ಲ, ಪುಂಡಿ ಅಂದರೆ ಅಕ್ಕಿಯ ಉಂಡೆ, ಅದನ್ನು ಮೊದಲು ಹಬೆಯಲ್ಲಿ ಬೇಯಿಸಿ ಆಮೇಲೆ ಗಸಿಗೆ, ಅಂದರೆ ಮಸಾಲೆ ರಸಕ್ಕೆ, ಹಾಕುವುದು. ಹಸಿ ಹಿಟ್ಟನ್ನು ಬೆಳಿಗ್ಗೆಯಿಂದ ನೀರಲ್ಲಿ ಮುಳುಗಿಸಿಟ್ಟರೆ ಯಾವ ಊರಿನ ಉಂಡೆಯಾದರೂ ಕರಗುತ್ತದೆ.

ಕೋಥ್ರೂಡ್‌ನಲ್ಲಿರೋ ಮೈಸೂರಿನವ:
ಇದಕ್ಕೆ ಎರಡು ಮಾತಿಲ್ಲ. ಆದರೆ ಇದರಲ್ಲಿ ಹಬೆಯೂ ಅದೇ ಮಡಕೇಲೇ ಆಗಬೇಕು: ಅರ್ಧ ಉಂಡೆ ರಸದಲ್ಲಿ, ಅರ್ಧ ಮೇಲೆ. ನನ್ನ ಅಳತೆ: ಮೈದಾ 100 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಚಿಟಿಕೆ ಉಪ್ಪು, ಕೊಬ್ಬು 50 ಗ್ರಾಂ, ತಣ್ಣೀರು ನಾಲ್ಕೈದು ದೊಡ್ಡ ಚಮಚ. ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ಹಾಕಬೇಡಿ, ಸೋಪಿನ ವಾಸನೆ ಬರುತ್ತೆ. ಇಂಗ್ಲಿಷರು ಹಾಕೋದು ಸೂಯೆಟ್, ಅಂದ್ರೆ ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. ಅದು ಬೆಣ್ಣೆಗಿಂತ ತಡವಾಗಿ ಕರಗೋದರಿಂದ ಹಿಟ್ಟು ಗಟ್ಟಿಯಾಗೋ ಹೊತ್ತಿಗೆ ಒಳಗೆ ಗೂಡು ಬಿಟ್ಟಿರುತ್ತೆ, ಉಂಡೆ ಹಗುರ. ನಾವು ಬೆಣ್ಣೇನ ಫ್ರೀಜರಲ್ಲಿ ಕಲ್ಲು ಮಾಡಿ ಕೊಬ್ಬರಿ ತುರಿಯೋ ಹಾಗೆ ತುರೀಬೇಕು. ಹಿಟ್ಟು ನಾದಬಾರದು, ಒಂದಕ್ಕೊಂದು ಅಂಟಿದರೆ ಸಾಕು. ನಿಂಬೆಗಾತ್ರದ ಎಂಟು ಉಂಡೆ ಮಾಡಿ, ದುಪ್ಪಟ್ಟು ಉಬ್ಬುತ್ತೆ. ಕುಕರ್ 'ಹೈ'ಗೆ ತಿರುಗಿಸಿ, ರಸ ಚೆನ್ನಾಗಿ ಬಿಸಿಯಾದ ಮೇಲೆ ಹಾಕಿ. ಮುಕ್ಕಾಲು ಗಂಟೆ ಮುಚ್ಚಳ ಎತ್ತಲೇಬಾರದು. ಒಂದು ಸಲ ಎತ್ತಿದರೆ ಕಳೆದುಕೊಂಡ ಶಾಖ ವಾಪಸ್ ಬರೋಕೆ ಇಪ್ಪತ್ತು ನಿಮಿಷವಾದರೂ ಹಿಡಿಯುತ್ತೆ.

ಮಡಗಾಂವ್ ಸೊಸೆ:
ಬೆಣ್ಣೆ ಯಾಕೆ? ಚೌರಿಸ್ ದಾರ ಕತ್ತರಿಸಿ, ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿದರೆ ಕೆಂಪು ಕೊಬ್ಬು ತಾನಾಗಿ ಇಳಿಯುತ್ತೆ. ಅದನ್ನ ಬಟ್ಟಲಲ್ಲಿ ಬಸಿದು ಫ್ರಿಜ್ಜಿಗಿಟ್ಟು, ಗಟ್ಟಿಯಾದ ಮೇಲೆ ಉಂಡೆ ಹಿಟ್ಟಿಗೆ ಹಾಕಿ. ಚುಕ್ಕಿಚುಕ್ಕಿ ಕೆಂಪು ಉಂಡೆ ಬರುತ್ತೆ.

ಪುಣೆ ಕ್ಯಾಂಪಿನ ಕೊಡವ:
...ಇದು ಮಾತ್ರ ಒಪ್ಪಿದೆ.

ಹಿಂಜೆವಾಡಿ ಬ್ಯಾಚುಲರ್:
ನಾನು ಇದಕ್ಕೆ ಒಂದು ಮುಷ್ಟಿ ರಾಜ್ಮಾ ಹಾಕೋಣ ಅಂತಿದ್ದೀನಿ. ನೆನೆಸಿಟ್ಟು ನೇರ ಸ್ಲೋ ಕುಕರಿಗೇ ಹಾಕಿದರೆ ನಡೆಯುತ್ತಲ್ವಾ? ಎಂಟು ಗಂಟೆ ಬೇಯುತ್ತೆ ಹೇಗಿದ್ರೂ.

ಕೋಥ್ರೂಡ್‌ನಲ್ಲಿರೋ ಮೈಸೂರಿನವ:
ಬೇಡ ಮಾರಾಯ, ಬೇಡ! ಹಸಿ ರಾಜ್ಮಾದಲ್ಲಿ ಒಂದು ವಿಷದ ಪ್ರೋಟೀನ್ ಇದೆ, ಅದು ಸಾಯೋದು ಕೊತಕೊತ ಕುದಿಯಲ್ಲಿ ಮಾತ್ರ. ಸ್ಲೋ ಕುಕರಿನ ಅರೆಬಿಸಿಯಲ್ಲಿ ಅದು ಕಮ್ಮಿಯಾಗೋ ಬದಲು ಜಾಸ್ತಿಯೂ ಆಗಬಹುದು. ನಾನು ಹೇಳ್ತಿರೋದು ಅನುಭವದ ಮಾತು. ಎರಡು ವರ್ಷದ ಹಿಂದೆ 'ಲೋ'ದಲ್ಲಿ ಬೇಯಿಸಿ ತಿಂದು ಮೂರೇ ಗಂಟೇಲಿ ಬಚ್ಚಲಲ್ಲಿ ಕೂತಿದ್ದೆ, ಹೆಂಡತಿ ತಿನ್ನದೆ ಬಚಾವ್. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಗ್ಯಾಸ್ ಮೇಲೆ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಿ ಆಮೇಲೆ ಹಾಕು. ನಾನಂತೂ ಈಗ ಅರ್ಧ ಗಂಟೆ ಕುದಿಸ್ತೀನಿ.

ಡೊಂಬಿವಲಿ ಶೆಟ್ರು:
ಅದಕ್ಕೇ ಹೇಳಿದ್ದು, ಪ್ರೆಶರ್ ಕುಕ್ಕರ್!

ಕೋಥ್ರೂಡ್‌ನಲ್ಲಿರೋ ಮೈಸೂರಿನವ:
ರಾಜ್ಮಾಕ್ಕೆ ನೀವೇ ಗೆದ್ರಿ ಶೆಟ್ರೇ. ಆದರೆ ನಿಧಾನದ ಅಡುಗೆ ಇಂಗ್ಲಿಷರ ಸೊತ್ತೂ ಅಲ್ಲ. ಅಮೆರಿಕದ ಇರ್ವಿಂಗ್ ನಾಕ್ಸನ್ ಅನ್ನೋರು 1940ರಲ್ಲಿ ಸ್ಲೋ ಕುಕರಿಗೆ ಪೇಟೆಂಟ್ ತಗೊಂಡ್ರು. ಅವರ ತಾಯಿ ಹೇಳ್ತಿದ್ದ ಕಥೆಯಿಂದ ಹೊಳೆದದ್ದಂತೆ: ಲಿಥುವೇನಿಯಾದ ಊರಲ್ಲಿ ಯಹೂದಿಗಳು ಸಬ್ಬತ್, ಅಂದ್ರೆ ಒಲೆ ಹಚ್ಚದ ವಿಶ್ರಾಂತಿ ದಿನದ ಹಿಂದಿನ ಸಂಜೆ ಕಾಳು-ಮಾಂಸದ ಮಡಕೇನ ಬೇಕರಿಯ ಒಲೆಯಲ್ಲಿ ಬಿಟ್ಟು ಬರ್ತಿದ್ರು, ಆರೋ ಒಲೆಯ ಬಿಸಿಗೇ ಮರುದಿನಕ್ಕೆ ಬೆಂದಿರ್ತಿತ್ತು. ಕ್ರಾಕ್-ಪಾಟ್ ಅಂತ ಹೆಸರಾಗಿದ್ದು 1971ರಲ್ಲಿ.

ವಾಸ್ಕೋದ ಹುಬ್ಬಳ್ಳಿಯಾಕಿ:
ನಮ್ಮ ಆಯಿ ಕುಳ್ಳಿನ ಕೆಂಡದ ಮ್ಯಾಲೆ ಗಡಿಗ್ಯಾಗ ದಿನವಿಡೀ ಹಾಲು ಇಡ್ತಿದ್ಲು, ಸಂಜಿಗೆ ಕೆಂಪಗ ಕೆನಿ ಕಟ್ಟಿರ್ತಿತ್ತು. ಅದಕ್ಕೂ ಪೇಟೆಂಟ್ ಮಾಡ್ಬೇಕಿತ್ತು ನೋಡ್ರಿ. ಇರ್ಲಿ, ಆಯ್ತವಾರ ಮತ್ತ ಮಾಡಿ ಹೇಳ್ತೀನಿ.

(ಆಯ್ತವಾರ ರಾತ್ರಿ)

ವಾಸ್ಕೋದ ಹುಬ್ಬಳ್ಳಿಯಾಕಿ:
ಮಾಡಿದೆ! ಅರ್ಧ ಚೌರಿಸ್, ಅರ್ಧ ಸಾದಾ ಸಾಸೇಜು, ಕೊಡವ ಅಣ್ಣಾರೂ ಸಿಟ್ಟಾಗಬಾರ್ದಲ್ಲ. ಚೌರಿಸ್‌ದಾಗ ವಿನೆಗರ್ ಇರ್ತೈತಿ ಅಂತ ಬಟಾಟಿ ಮೊದಲ ಅರೆಬರೆ ಕುದಿಸಿ ಹಾಕಿದೆ. ಎಲ್ಲಾ ಛಲೋ ನಡದಿತ್ತು, ಉಂಡಿ ಹಾಕಿ ಹತ್ತು ನಿಮಿಷ ಆಗಿಲ್ಲ, ಕರೆಂಟ್ ಹೋತು. ಜೋರು ಮಳಿ, ಯಾವಾಗ ಬರ್ತೈತೋ ಗೊತ್ತಿಲ್ಲ. ಏನ್ಮಾಡ್ಬೇಕು? ಉಂಡಿ ಒಡೀದಂಗ ದೊಡ್ಡ ಸೌಟಿಲೆ ಎಲ್ಲಾ ಎತ್ತಿ... ಶೆಟ್ರ, ನಗಬ್ಯಾಡ್ರಿ... ಪ್ರೆಶರ್ ಕುಕ್ಕರಿಗೆ ಹಾಕಿ, ಸೀಟಿ ತಗದು, ಸಣ್ಣ ಉರಿ ಮ್ಯಾಲೆ ಅರ್ಧ ತಾಸು ಇಟ್ಟೆ. ಉಂಡಿ ಉಬ್ಬಿ ಒಂದಕ್ಕೊಂದು ಹೆಗಲು ತಾಗಿಸಿ ಕುಂತಿದ್ದು. ಮ್ಯಾಲಿನ ಅರ್ಧ ಬೆಳ್ಳಗ, ಕೆಳಗಿನ ಅರ್ಧ ಕೆಂಪಗ, ಚಮಚದಿಂದ ಬಿಡಿಸಿದ್ರ ಒಳಗ ಇಡ್ಲಿಯಂಗ ಜಾಳಜಾಳ.

ಡೊಂಬಿವಲಿ ಶೆಟ್ರು:
ಸೀಟಿ ಇಲ್ಲದಿದ್ದರೂ ಕುಕ್ಕರ್ ಕುಕ್ಕರೇ ಅಕ್ಕಾ. ಲೆಕ್ಕಕ್ಕೆ ಹಿಡಿಯುತ್ತೇನೆ.

ಮಡಗಾಂವ್ ಸೊಸೆ:
ರಸ ಉಳಿದಿದ್ಯಾ? ಬೆಳಿಗ್ಗೆ ಪೊದೇರ್ (ಬ್ರೆಡ್ ಮಾರೋವ) ಸೈಕಲ್ ಹಾರ್ನ್ ಕೇಳಿಸಿದ ಕೂಡಲೇ ಓಡಿಹೋಗಿ ನಾಲ್ಕು ಪೊಯಿ ಬ್ರೆಡ್ ಜಾಸ್ತಿ ತಗೊಳ್ಳಿ.